ಭುಜ ಮುಂದಿಟ್ಟು ನಡೆಯುವ ಮನೆ

ನಮ್ಮ ಗೌರವ್ವ ಕಾಕಿ ಬಯಲಿನಲ್ಲೂ ಅಡ್ಡಡ್ಡ ನಡೆಯುತ್ತಿದ್ದಳು. ಬಾವಿಕಟ್ಟೆಗೆ ಹೋಗಲಿ, ನಮ್ಮ ಮನೆಯ ತಲಬಾಗಿಲು ದಾಟಲಿ, ಎರಡು ವಸ್ತುಗಳ ನಡುವೆ ಹಾಯಬೇಕಾದಾಗ ಆಕೆಯ ಬಲಭುಜ ತಾನಾಗಿ ಮುಂದೆ ಬರುತ್ತಿತ್ತು, ಹೊಟ್ಟೆ ಒಳಗೆ ಸರಿಯುತ್ತಿತ್ತು, ಎಡಗೈ ಸೆರಗನ್ನು ಬಿಗಿಹಿಡಿಯುತ್ತಿತ್ತು. ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗವಿದ್ದರೂ ಹಾಗೆಯೇ. ಓಣಿಯ ಹೆಂಗಸರು, "ಯಾಕವ್ವ ಗೌರವ್ವ, ಬಾಗಲಾ ಕಚ್ತದೇನು?" ಎಂದು ಕೇಳಿದರೆ ಆಕೆಯೂ ನಗುತ್ತಿದ್ದಳು.

"ರೂಢಿ ಬಿದ್ದದವ್ವ. ನಮ್ಮ ಮನ್ಯಾಗ ನೆಟ್ಟಗ ನಡದ ಒಳಗ ಹೋದೋರು ಯಾರೂ ಇಲ್ಲ."

ಆ ರೂಢಿ ಬೀಳಿಸಿದವನು ಆಕೆಯ ಗಂಡ, ನನ್ನ ತಂದೆಯ ತಮ್ಮ, ಶರಣಪ್ಪ ಕಾಕಾ. ನಮ್ಮದೂ ಅವನದೂ ಒಂದೇ ಗೋಡೆಯ ಎರಡು ಮನೆ. ಊರು ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ಗಾಡಿದಾರಿಯ ಮೇಲಿತ್ತು. ಆಗ ನಿಜಾಮರ ಆಳಿಕೆ. ಕಚೇರಿಯ ಕಾಗದ ಉರ್ದುವಿನಲ್ಲಿ, ಸಂತೆಯ ಮಾತು ಮರಾಠಿಯಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಕಾಕಾನ ಮನೆಯಲ್ಲಿ ಜಗಳಕ್ಕೂ ಜಾಗವಿರಲಿಲ್ಲ ಎಂದು ನಾನು ಹೈದರಾಬಾದಿನಲ್ಲಿ ಕಲಿಯುವಾಗ ಗೆಳೆಯರಿಗೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಅವರನ್ನು ನಗಿಸುವುದರಲ್ಲಿ ನನಗೊಂದು ಹೆಮ್ಮೆ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಾಕಾ ಎತ್ತರದ ಆಳು. ದಿನಕ್ಕೆರಡು ಸಲ ಮೀಯುತ್ತಿದ್ದ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಅಳಿಸಿದ್ದನ್ನು ನಾನು ಕಂಡಿಲ್ಲ. ಧೋತರ ಹಾಲಿನಂತೆ ಬೆಳ್ಳಗೆ. ಅಂಥವನು ತಲೆ ತಗ್ಗಿಸಿ, ನೆಲವನ್ನು ಓದುತ್ತಿರುವವನಂತೆ ನಡೆಯುತ್ತಿದ್ದ. ದಾರಿಯಲ್ಲಿ ಕುದುರೆಯ ಲಾಳ, ಹರಿದ ಚಪ್ಪಲಿಯ ಪಟ್ಟಿ, ಒಡೆದ ಗಡಿಗೆಯ ಕುತ್ತಿಗೆ ಏನು ಕಂಡರೂ ಬಗ್ಗಿ ಎತ್ತಿ, ಮಣ್ಣು ಒರೆಸಿ, "ಇರ್ಲಿ" ಎಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಆ 'ಇರ್ಲಿ' ಎಂಬುದು ವಸ್ತುವಿಗೆ ಹೇಳಿದ ಸಮಾಧಾನದ ಮಾತಿನಂತೆ ಕೇಳುತ್ತಿತ್ತು. ಹೀಗೆ ಬಂದು ಬಂದು ಪಡಸಾಲೆ ತುಂಬಿತು, ಅಡುಗೆಮನೆ ತುಂಬಿತು, ಒಳಕೋಣೆ ಮಾಡಿನ ತನಕ ತುಂಬಿತು. ಉಳಿದದ್ದು ಒಂದು ಸಂದು ಮಾತ್ರ. ಅದರಲ್ಲಿ ಭುಜ ಮುಂದಿಟ್ಟು ಹೋಗಬೇಕು.

ಅವನು ಜಿಪುಣನಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಊರಿನವರು ಹಾಗೆ ತಿಳಿದಿದ್ದರು. ಜಂಗಮರು ಬಂದರೆ ಎರಡು ಕೈಯಿಂದ ಜೋಳ ಸುರಿಯುತ್ತಿದ್ದ. ಹಸಿದವನು ಕಟ್ಟೆಯ ಮೇಲೆ ಕೂತರೆ ತನ್ನ ರೊಟ್ಟಿ ಕೊಟ್ಟು ತಾನು ನೀರು ಕುಡಿಯುತ್ತಿದ್ದ. ಅದೇ ಮನುಷ್ಯನಿಗೆ ಒಂದು ಗೇಣು ಹರಕು ಹಗ್ಗ ಕೊಡಲು ಆಗುತ್ತಿರಲಿಲ್ಲ. ಏಕೆ ಹೀಗೆ? ಸಣ್ಣವನಿದ್ದಾಗ ಮನೆ ಸುಟ್ಟಿತ್ತು, ಅದಕ್ಕೇ ಎಂದು ಅಪ್ಪ ಹೇಳುತ್ತಿದ್ದರು. ಗಂಡುಮಗು ಸತ್ತ ಮೇಲೆ ಹೀಗಾದ ಎಂದು ಅವ್ವ. ನಮ್ಮ ಹಿರಿಯ ಸೋದರತ್ತೆ ಎರಡನ್ನೂ ಒಪ್ಪುತ್ತಿರಲಿಲ್ಲ: "ಅಂವಾ ಅಂಬೆಗಾಲ ಇಡೋವಾಗೇ ಮುಷ್ಟ್ಯಾಗ ಹರಳ ಹಿಡಕೊಂಡು ಮಲಗ್ತಿದ್ದ, ಬಿಡಸಾಕ ಹೋದ್ರ ಉಸುರು ಕಟ್ಟಿ ಅಳ್ತಿದ್ದ." ಯಾವ ಕಾರಣವನ್ನೂ ನಾನು ಪೂರಾ ನಂಬುವುದಿಲ್ಲ. ಜ್ವರ ಬಂದವನಿಗೆ ಯಾಕೆ ಬಂತು ಎಂದು ಕೇಳಿದಷ್ಟೇ ಉಪಯೋಗ. ಅದೊಂದು ಬೇನೆ ಎಂದು ಈಗ ಅನಿಸುತ್ತದೆ. ಆಗ ನಮ್ಮಲ್ಲಿ ಅದಕ್ಕೆ ಹೆಸರಿರಲಿಲ್ಲ, ನಗೆ ಇತ್ತು.

ಒಂದು ಬೇಸಿಗೆಯ ಮಧ್ಯಾಹ್ನ ನಿಲಂಗಾಕ್ಕೆ ಹೊರಟ ಗಾಡಿಯೊಂದರ ಕಡಾಣಿ, ಗಾಲಿ ಕಳಚದಂತೆ ಅಚ್ಚಿಗೆ ಹಾಕುವ ಕಬ್ಬಿಣದ ಕೀಲು, ನಮ್ಮ ಓಣಿಯ ಹತ್ತಿರ ಎಲ್ಲೋ ಬಿದ್ದುಹೋಯಿತು. ಗಾಡಿಯವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಕಾಕಾ ಗಾಲಿಯನ್ನು ನೋಡಿ ಕಣ್ಣು ಮುಚ್ಚಿದ. "ಒಳಕ್ವಾಣಿ, ಎಡಕ್ಕ, ಬೀಸೋಕಲ್ಲಿನ ತೆಳಗ, ಬಾಯಿಲ್ಲದ ಗಡಗ್ಯಾಗ" ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ತೂರಿದ. ಒಂದು ತಂಬಿಗೆ ನೀರು ಕುಡಿಯುವಷ್ಟರಲ್ಲಿ ಕಡಾಣಿ ಹಿಡಿದು ಹೊರಗೆ ಬಂದ. ಅಳತೆ ಮಾಡಿ ಮಾಡಿಸಿದಂತೆ ಕೂತಿತು. ಗಾಡಿಯವನು ಕೈಮುಗಿದು ಎತ್ತು ಹೊಡೆಯಬೇಕು, ಕಾಕಾ ಗಾಲಿ ಬಿಡಲೊಲ್ಲ.

"ಎಲ್ಲಿ ಮಟ ಹೊಂಟೀರಿ?"

"ನಿಲಂಗಾ."

"ಹಂಗಾದ್ರ ನಾನೂ ಬರ್ತೀನಿ."

ಹೋದ. ಗಾಲಿಯ ಪಕ್ಕದಲ್ಲೇ ಕಡಾಣಿಯ ಮೇಲೆ ಕಣ್ಣಿಟ್ಟು ನಾಲ್ಕು ಹರದಾರಿ ನಡೆದ. ನಿಲಂಗಾದಲ್ಲಿ ಕಮ್ಮಾರನ ಮುಂದೆ ಕೂತು, ಹೊಸ ಕಡಾಣಿ ಆದ ಮೇಲೆ ತನ್ನದನ್ನು ಬಿಚ್ಚಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮರುದಿನ ಮನೆಗೆ ಬಂದ. "ಒಂದ ಕಬ್ಬಣದ ತುಂಡು, ಕೊಟ್ಟ ಬರಾಕ ಏನಾಗಿತ್ತು?" ಎಂದು ಕಾಕಿ ಕೇಳಿದರೆ, ಅವನಿಗೆ ನಿಜವಾಗಿ ಆಶ್ಚರ್ಯ. "ಕೊಟ್ಟೀನಲ್ಲ. ನಿಲಂಗಾ ಮಟ ಕೊಟ್ಟೀನಿ."

ಈ ಕತೆಯನ್ನು ನಾನು ಹೈದರಾಬಾದಿನ ವಸತಿಗೃಹದಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುತ್ತ ಹೇಳುತ್ತ ಅದು ನುಣುಪಾಯಿತು. ಕಾಕಾ ನಡೆದೇ ಹೋದ ಎಂದು ನನ್ನ ನೆನಪು. ಅಪ್ಪ ಮುಂದೊಮ್ಮೆ, "ನಡದ ಯಾಕ ಹೋಗ್ತಾನ, ಗಾಡ್ಯಾಗ ಕೂತಿದ್ದ" ಎಂದರು. ಅವನನ್ನು ನಡೆಸಿದವನು ನಾನೇ ಇರಬೇಕು. ನಡೆದರೆ ನಗು ಹೆಚ್ಚು.

ನಗುವ ಸಂಗತಿಯಲ್ಲದ್ದೂ ಆ ಮನೆಯಲ್ಲಿ ನಡೆಯುತ್ತಿತ್ತು. ಒಮ್ಮೆ ಒಲೆಯ ಕಿಡಿ ಗೋಣಿಚೀಲಕ್ಕೆ ಹಾರಿ ಹೊಗೆಯಾಡಿತು. ಅಂದಿನಿಂದ ಕಾಕಿ ನಮ್ಮ ಹಿತ್ತಲಿನಲ್ಲಿ ಅಡುಗೆ ಮಾಡತೊಡಗಿದಳು. ಇನ್ನೊಮ್ಮೆ ನೇಗಿಲ ತುಂಡು, ಚೀಲ, ಮುರುಕು ಬಂಡಿಯ ಹಲಗೆಗಳ ಒಟ್ಟಿಲು ಆಕೆಯ ಕಾಲ ಮೇಲೆ ಕುಸಿಯಿತು. ಬೆಳಗಿನಿಂದ ಕೂಗಿದಳಂತೆ. ನಡುವೆ ಒಂದೇ ಗೋಡೆ, ಆಚೆ ನಮ್ಮ ಅವ್ವ ಜೋಳ ಬೀಸುತ್ತ ಕೂತಿದ್ದಳು, ಏನೂ ಕೇಳಲಿಲ್ಲ. ಚಿಂದಿ, ಚೀಲಗಳೆಲ್ಲ ದನಿಯನ್ನು ನುಂಗಿದ್ದವು. ಮಧ್ಯಾಹ್ನ ಹಿತ್ತಲಿನಲ್ಲಿ ಹೊಗೆ ಕಾಣದಿದ್ದಾಗ ಅವ್ವ ಹುಡುಕಿಕೊಂಡು ಹೋದಳು. ಕಾಕಿಯ ಪಾದ ಮುರಿದಿತ್ತು. ಕಾಕಾ ಹೊಲದಿಂದ ಬಂದು ಗೋಳೋ ಎಂದು ಅತ್ತ. ತಿಂಗಳುಗಟ್ಟಲೆ ಆಕೆಗೆ ನೀರು ಕಾಸಿ ಕೊಟ್ಟ, ತಲೆ ಬಾಚಿದ. ಆದರೆ ಆ ಒಟ್ಟಿಲನ್ನು ಮತ್ತೆ ಅದೇ ಜಾಗದಲ್ಲಿ ಒಂದೊಂದಾಗಿ ಏರಿಸಿದ. "ಈ ಸಲ ಭದ್ರ ಇಟ್ಟೀನಿ" ಎಂದ.

ಅವರಿಗೆ ಒಬ್ಬಳೇ ಮಗಳು, ನೀಲಾ. ಉದಗೀರಕ್ಕೆ ಕೊಟ್ಟಿದ್ದರು. ನಾನು ಕಲಿಕೆ ಮುಗಿಸಿ ಊರಿಗೆ ಬಂದ ವರ್ಷ ಆಕೆ ಚೊಚ್ಚಲು ಬಸುರಿ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಕುಬಸದ, ಎಂದರೆ ಸೀಮಂತದ, ಮಾತಾಡಲು ನೀಲಾಳ ಅತ್ತೆ ತಾನೇ ಬಂದಳು. ಮೈಕೈ ತುಂಬಿದ ಹೆಂಗಸು. ಕಾಕಾನ ಮನೆಯ ಸಂದಿನ ಮುಂದೆ ನಿಂತಳು, ಭುಜ ಮುಂದಿಟ್ಟು ನೋಡಿದಳು, ಹಿಂದೆ ಸರಿದಳು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು.

"ಬೀಗತಿ, ನಿಮ್ಮ ಮಗಳ್ನ ನಾ ಕಳಸ್ತೀನ್ರೀ. ಬಾಣಂತಿ ಮಂಚ ಎಲ್ಲಿ ಹಾಕ್ತೀರಿ, ಅದೊಂದು ತೋರ್ಸ್ರಿ."

ತೋರಿಸಲು ಯಾರಿಗೂ ಆಗಲಿಲ್ಲ. "ಜಾಗಾ ಆದಾಗ ಹೇಳಿ ಕಳಸ್ರಿ" ಎಂದು ಆಕೆ ಗಾಡಿ ಹತ್ತಿದಳು. ನಮ್ಮ ಮನೆಯಲ್ಲೇ ಹೆರಿಗೆಯಾಗಲಿ ಎಂದು ಅವ್ವ ಅಂದಳು. ಕಾಕಿ ಒಪ್ಪಲಿಲ್ಲ. "ತಂದಿ ಮನಿ ಬಾಜೂಕ ಇಟ್ಕೊಂಡು ದೊಡ್ಡಪ್ಪನ ಮನ್ಯಾಗ ಹಡದ್ರ, ಆಕಿ ಸಾಯೋ ಮಟ ಮಂದಿ ಆಡ್ಕೋತಾರ." ನನ್ನ ಕಡೆ ತಿರುಗಿ, "ಸಿದ್ದು, ನೀ ಕಲತಾಂವ. ನಿನ್ನ ಮಾತು ಕೇಳ್ತಾನ. ಒಂದ ಕ್ವಾಣಿ, ಒಂದ ಮಂಚದಷ್ಟು, ಬಿಡಸ್ಕೊಡೋ ಯಪ್ಪಾ" ಎಂದಳು.

ಕಾಕಾ ನನ್ನ ಮಾತು ಕೇಳುತ್ತಿದ್ದುದು ನಿಜ. ಮಗಳು ಬರಬೇಕು ಎಂಬ ಆಸೆ ಅವನಿಗೆ ಕಾಕಿಗಿಂತ ಹೆಚ್ಚು. ಅವನೇ ಒಂದು ಬೆಳಗ್ಗೆ ಒಂದು ಬುಟ್ಟಿ ಹೊರತಂದು ಬಿಸಿಲಿಗೆ ಕೂತ. ಪ್ರತಿಯೊಂದನ್ನೂ ಎತ್ತಿ ನೋಡಿದ, ಒರೆಸಿದ, ಪಕ್ಕಕ್ಕಿಟ್ಟ, ಮತ್ತೆ ಬುಟ್ಟಿಗೆ ಹಾಕಿದ. ಮಧ್ಯಾಹ್ನಕ್ಕೆ ಬುಟ್ಟಿ ತುಂಬಿಕೊಂಡೇ ಒಳಗೆ ಹೋಯಿತು. ಅಂಗಳದಲ್ಲಿ ಸಿಕ್ಕ ಒಂದು ಗೂಟ ಅದರಲ್ಲಿ ಹೆಚ್ಚಾಗಿತ್ತು. ಅವನು ನನ್ನನ್ನು ಕರೆದು ಹೇಳಿದ ಮಾತು ಇದು. ಇದನ್ನು ನಾನು ಗೆಳೆಯರಿಗೆ ಎಂದೂ ಹೇಳಲಿಲ್ಲವಾದ್ದರಿಂದ ಇದು ಕೆಟ್ಟಿರಲಾರದು.

"ತಮ್ಮಾ, ಕೈಯಾಗ ಹಿಡದ್ರ ಒಗಿಯಾಕ ಬರಂಗಿಲ್ಲ. ಎದ್ಯಾಗ ಯಾರೋ ಹಿಂಡಿಧಾಂಗ ಆಗ್ತದ. ಮಂದಿ ನಗೋದು ನನಗೂ ಕೇಳ್ತದ. ಏನ್ ಮಾಡ್ಲಿ, ನನ್ನ ಕೈ ನನ್ನ ಮಾತು ಕೇಳಂಗಿಲ್ಲ. ನೀ ಒಂದ ಕೆಲಸ ಮಾಡು. ದಿನಾ ಬಾ. ದಿನಕ್ಕ ಒಂದು, ನಾನ ಎತ್ತಿ ನಿನ್ನ ಕೈಯಾಗ ಕೊಡ್ತೀನಿ. ನಾ ಕೊಟ್ಟಿದ್ದಷ್ಟ ಒಯ್ಯಿ. ಕೊಡೋದು ರೂಢಿ ಆಗ್ಲಿ."

ಮೊದಲ ದಿನ ಲಾಟೀನಿನ ಒಡಕು ಗಾಜು ಕೊಟ್ಟ. ಕೈ ನಡುಗುತ್ತಿತ್ತು. "ತಗೊ ತಮ್ಮಾ. ಇವತ್ತಿಂದು ಇದು." ನಾನು ಅದನ್ನು ತಿಪ್ಪೆಗೆ ಒಗೆದೆ. ಅವನು ನೋಡುತ್ತ ನಿಂತ, ಒಳಗೆ ಹೋದ. ಎರಡನೆಯ ದಿನ ಚಪ್ಪಲಿಯ ಪಟ್ಟಿ. ಮೂರನೆಯ ದಿನ ಗಡಿಗೆಯ ಕುತ್ತಿಗೆ. ನಾಲ್ಕನೆಯ ದಿನ ಒಂದು ಮೊಳ ಹಗ್ಗ, ಅದನ್ನು ಕೊಡುವಾಗ ನಡುಕ ಕಡಿಮೆ ಇತ್ತು. ಐದನೆಯ ದಿನ ನಾನು ಹೋಗಲಿಲ್ಲ. ಹೀಗೆ ದಿನಕ್ಕೊಂದರಂತೆ ತೆಗೆದರೆ ನೀಲಾಳ ಮಗುವಿಗೆ ಮದುವೆಯಾಗುವ ಹೊತ್ತಿಗೆ ಮಂಚ ಹಾಕಬಹುದು ಎಂದು ಅವ್ವನ ಮುಂದೆ ನಗೆಯಾಡಿದೆ. ಕಾಕಾ ಕಟ್ಟೆಯ ಮೇಲೆ ಏನನ್ನೋ ಕೈಯಲ್ಲಿ ಹಿಡಿದು ಕಾದು ಕೂತಿದ್ದ. ನಾನು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋದೆ. ಆರನೆಯ ದಿನವೂ ಕೂತಿದ್ದ. ಆಮೇಲೆ ಕೂರಲಿಲ್ಲ.

ನನಗೆ ಬೇರೊಂದು ಉಪಾಯ ಹೊಳೆದಿತ್ತು. ಶ್ರಾವಣದಲ್ಲಿ ಅಪ್ಪ ಉಮರ್ಗಾದ ಸಂತೆಗೆ ಎತ್ತು ತರಲು ಹೋಗುವವರಿದ್ದರು. ಎತ್ತಿನ ಸುಳಿ ನೋಡುವುದರಲ್ಲಿ ಕಾಕಾನನ್ನು ಮೀರಿಸಿದವರಿಲ್ಲ. ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಎರಡು ದಿನ ಅಲ್ಲೇ ಇರಿ ಎಂದು ಅಪ್ಪನಿಗೆ ಹೇಳಿದೆ. ಕಾಕಾ ಹಬ್ಬಕ್ಕೆ ಹೊರಟವನಂತೆ ರುಮಾಲು ಸುತ್ತಿಕೊಂಡು ಗಾಡಿ ಹತ್ತಿದ. ಅವರು ಊರ ಅಗಸಿ ಬಾಗಿಲು ದಾಟಿದ ಕೂಡಲೇ ನಾನು, ಇಬ್ಬರು ಆಳುಗಳು, ಮಾಳಪ್ಪ ಒಳಕೋಣೆಗೆ ಕೈಹಚ್ಚಿದೆವು. ಮಾಳಪ್ಪ ನಮ್ಮ ಎದುರು ಮನೆಯವನು. ಬೀರಪ್ಪ ದೇವರ ಒಕ್ಕಲು, ಕುರಿ ಸಾಕಿದವನು, ಮಳೆಗಾಲ ಪೂರ್ತಿ ಹೆಗಲ ಮೇಲೆ ಕರಿ ಕಂಬಳಿ.

ಒಟ್ಟಿಲು ಕರಗುತ್ತ ಹೋದಂತೆ ನನಗೆ ಹೆದರಿಕೆಯಾಯಿತು. ಹಾವಿನ ಪೊರೆ, ಚೇಳು, ಇಲಿಯ ಗೂಡುಗಳು. ಗೋಡೆಯೆಲ್ಲ ಹಸಿ. ಮಾಡಿನ ತೊಲೆಯನ್ನು ಗೆದ್ದಲು ಅರ್ಧ ತಿಂದಿತ್ತು. ಈ ಕೋಣೆಯ ಸಂದಿನಲ್ಲಿ ಇಷ್ಟು ವರ್ಷ ದೀಪ ಹಚ್ಚಿಟ್ಟು ಇಬ್ಬರು ಮಲಗಿದ್ದರು. ತೆಗೆಯಬೇಕಾದದ್ದು ಸರಿಯೇ ಇತ್ತು. ನಾನು ತಪ್ಪಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಸರಿಯಾದ ಕೆಲಸವನ್ನು ಅವನಿಂದ ಕದ್ದು ಮಾಡಿದೆ, ಅಷ್ಟೆ.

ಎಲ್ಲವನ್ನೂ ಸುಡಬೇಕೆಂದು ಇದ್ದೆ. ಕಾಕಿ ನನ್ನ ಕೈ ಹಿಡಿದಳು. "ಸುಡಬ್ಯಾಡೋ. ಅಂವಾ ಉಳಿಯಂಗಿಲ್ಲ." ಆಗ ಅಂಗಳದ ಹಗೇವು ಕಣ್ಣಿಗೆ ಬಿತ್ತು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ ಅದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಹಳೆಯ ಜೋಳ ತೆಗೆದು ಖಾಲಿಯಾಗಿತ್ತು. ಅದರಲ್ಲಿ ಹಾಕಿ ಮುಚ್ಚಿದರೆ ಸುಟ್ಟಂತೆಯೂ ಅಲ್ಲ, ಇಟ್ಟಂತೆಯೂ ಅಲ್ಲ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಮಾಳಪ್ಪ ಕುಣಿಯ ಬಾಯಿಗೆ ಮೂಗು ಒಡ್ಡಿ ನೋಡಿ, "ಹಸಿ ಸಾಮಾನ ಹಾಕಿದ್ರ ಗಾಳಿ ಇನ್ನಾ ಕೆಡ್ತದ್ರೀ, ಸಿದ್ದಪ್ಪಣ್ಣಾ" ಎಂದ.

"ಅದರಾಗ ಇಳಿಯೋರ್ಯಾರು?" ಎಂದೆ ನಾನು.

ಕೆಟ್ಟ ಗಾಳಿಯ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿ ಬರೆದಿದ್ದೆ. ಅದಕ್ಕೂ ಮೊದಲು, ನಾನು ಚಿಕ್ಕವನಿದ್ದಾಗ, ಇದೇ ಹಗೇವಿನ ಬಾಯಿಯಲ್ಲಿ ಕೂರಿಸಿಕೊಂಡು ಕಾಕಾನೇ ಕಲಿಸಿದ್ದ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. "ನೋಡು, ಆರಿತು. ದೀಪಕ್ಕ ಸಾಲದ ಗಾಳಿ ನಿನಗ್ಯಾಂಗ ಸಾಲ್ತದ? ಬಾಯಿ ತಗದು ಒಂದ ದಿನ ಬಿಡಬೇಕು. ಅವಸರ ಮಾಡಿದಾಂವ ಮ್ಯಾಲ ಬರಂಗಿಲ್ಲ."

ಮರುದಿನ ಸಂಜೆ ಇಬ್ಬರೂ ಎತ್ತು ಹಿಡಿದುಕೊಂಡು ಬಂದರು. ಕಾಕಾ ಕಾಲು ತೊಳೆದು ಒಳಕೋಣೆಗೆ ಹೋದ. ಸಾರಿಸಿ ರಂಗೋಲಿ ಹಾಕಿದ ಖಾಲಿ ಕೋಣೆಗೆ ಅವನು ಭುಜ ಮುಂದಿಟ್ಟೇ ಹೋದ. ಒಟ್ಟಿಲಿನ ಅಂಚು ಇದ್ದ ಕಡೆ ಗೋಡೆಗೆ ಬೆನ್ನು ಹಚ್ಚಿ ನಿಂತ.

"ಸುಟ್ಟ್ಯಾ?"

"ಇಲ್ಲ ಕಾಕಾ. ಎಲ್ಲಾ ಹಗೇವಿನ್ಯಾಗ ಅದ. ಒಂದೂ ಹೋಗಿಲ್ಲ."

ಇಲ್ಲಿಂದ ಮುಂದಿನದನ್ನು ಜಾಗರೂಕನಾಗಿ ಬರೆಯಬೇಕು. ನಾನು ಅವನ ಎರಡೂ ಕೈ ಹಿಡಿದು, "ಹೆರಿಗಿ ಆಗ್ಲಿ. ಆಮ್ಯಾಲ ಬಾಯಿ ತಗದು, ಗಾಳಿ ಆಡಸಿ, ಇಬ್ಬರೂ ಕೂಡಿ ಒಂದೊಂದ ತಗಿಯೋಣ. ಒಬ್ಬನ ಇಳೀಬ್ಯಾಡ" ಎಂದು ಹೇಳಿದೆ. ಇದು ನನ್ನ ನೆನಪು. ದಿನವೂ ಕಣ್ಮುಂದೆ ಬರುವಷ್ಟು ಸ್ಪಷ್ಟ. ಎಷ್ಟು ಸ್ಪಷ್ಟವೆಂದರೆ ನಾನು ಹಾಕಿಕೊಂಡ ಕರಿ ಶೇರವಾನಿಯ ಗುಂಡಿಗಳೂ ಕಾಣುತ್ತವೆ. ಆ ಶೇರವಾನಿಯನ್ನು ನಾನು ಹೊಲಿಸಿದ್ದು ಮರುವರ್ಷ, ಹೈದರಾಬಾದಿನ ಕಚೇರಿಯಲ್ಲಿ ಕೆಲಸಕ್ಕೆ ಸೇರುವಾಗ.

ಎಂಟು ದಿನದಲ್ಲಿ ನೀಲಾ ಬಂದಳು. ಕೋಣೆ ನೋಡಿ ಹಿಗ್ಗಿದಳು. "ಈ ಕ್ವಾಣಿಗಿ ಕಿಟಕಿ ಇತ್ತೇನು, ಅಣ್ಣಾ?" ಎಂದು ಕೇಳಿದಳು. ಹುಟ್ಟಿ ಬೆಳೆದ ಮನೆಯ ಕಿಟಕಿಯನ್ನು ಅಂದೇ ಮೊದಲು ಕಂಡಿದ್ದಳು. ಕಾಕಾ ಅಂಗಳದಲ್ಲಿ ಹಗೇವಿನ ಮುಚ್ಚಳದ ಕಲ್ಲಿನ ಮೇಲೆ ಕೂತಿರುತ್ತಿದ್ದ. ಅಲ್ಲೇ ಲಿಂಗಪೂಜೆ, ಅಲ್ಲೇ ಊಟ. ಮಗಳಿಗೆ ಕೆಳಗಿನ ಸಾಮಾನುಗಳ ಹೆಸರು ಹೇಳುತ್ತಿದ್ದ, ಯಾವುದರ ಮೇಲೆ ಯಾವುದು ಬಿದ್ದಿರಬಹುದು, ಯಾವುದು ಒದ್ದೆಯಾಗಿರಬಹುದು ಎಂದು. "ಅಪ್ಪ ಅಲ್ಲೇ ಕಾವು ಕೂತಾನ" ಎಂದು ಆಕೆ ನಕ್ಕಳು, ನಾನೂ ನಕ್ಕೆ.

ನೀಲಾ ಬಂದ ಒಂಬತ್ತನೆಯ ದಿನದ ಮಧ್ಯಾಹ್ನ ಕಾಕಿ ನಮ್ಮ ಹಿತ್ತಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಲಗಿದ್ದ ನೀಲಾಳಿಗೆ ಕಲ್ಲು ಸರಿದ ಸಪ್ಪಳ ಕೇಳಿತಂತೆ. ಎದ್ದು ಬರುವಷ್ಟರಲ್ಲಿ ಹಗೇವಿನ ಬಾಯಿ ತೆರೆದಿತ್ತು, ಪಕ್ಕದಲ್ಲಿ ಮಡಿಸಿಟ್ಟ ರುಮಾಲು. ದೀಪ ಇರಲಿಲ್ಲ. ಜೀವನವಿಡೀ ದೀಪ ಇಳಿಬಿಡದೆ ಕುಣಿಗೆ ಕಾಲಿಡದವನು ಅಂದು ಹಾಗೆಯೇ ಇಳಿದಿದ್ದ. ನೀಲಾಳ ಕೂಗಿಗೆ ನಾನು ಓಡಿದೆ. ಓಡಿ ಏನು ಮಾಡಿದೆ? ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟೆ. ಆಳುದ್ದಕ್ಕೆ ಅದು ಆರಿತು. "ಯಾರೂ ಇಳೀಬ್ಯಾಡ್ರಿ, ಗಾಳಿ ಕೆಟ್ಟದ" ಎಂದು ಕೂಗುತ್ತ ನಿಂತೆ. ನಾನು ಹೇಳಿದ್ದು ಸರಿಯಾಗಿತ್ತು. ಹೇಳುತ್ತ ನಿಂತಿದ್ದೆ.

ಮಾಳಪ್ಪ ಬಂದವನೇ ನನ್ನನ್ನು ತಳ್ಳಿದ. ಹೆಗಲ ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಬಿಗಿದು ಕುಣಿಯೊಳಗೆ ಬಿಟ್ಟು, ತಿದಿ ಒತ್ತಿದಂತೆ ಮೇಲೆ ಕೆಳಗೆ ಎಳೆದ. ಒಳಗಿನ ಗಾಳಿ ಕದಡಲೆಂದು ಹೆಂಗಸರು ಕೊಡಗಟ್ಟಲೆ ನೀರು ಸುರಿದರು. ಆಮೇಲೆ ತನ್ನ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಉಸಿರು ಹಿಡಿದು ಇಳಿದ. ಮೊದಲ ಸಲ ಬರಿಗೈಯಲ್ಲಿ ಬಂದ. ಎರಡನೆಯ ಸಲ ಕಾಕಾನ ಕಂಕುಳಿಗೆ ಹಗ್ಗ ಸಿಕ್ಕಿಸಿದ. ಎಳೆದು ಹಾಕಿದಾಗ ಕಾಕಾನ ಮುಖ ಕಪ್ಪಿಟ್ಟಿತ್ತು, ಆದರೆ ಎದೆ ಆಡುತ್ತಿತ್ತು. ಮಾಳಪ್ಪ ಕೆಮ್ಮುತ್ತ, "ತಳಾ ಮುಟ್ಟಿದ್ರ ಮುಗೀತಿತ್ತು. ಒಟ್ಟಿಲ ಮ್ಯಾಲೇ ಕೂತಾನ್ರೀ. ಅವನ ಸಾಮಾನೇ ಅವನ್ನ ಎತ್ತಿ ಹಿಡದಾವ" ಎಂದ.

ಅದೇ ಮಧ್ಯಾಹ್ನ ನೀಲಾಳಿಗೆ ನೋವು ಶುರುವಾಗಿ, ದೀಪ ಹಚ್ಚುವ ಹೊತ್ತಿಗೆ ಒಳಕೋಣೆಯಲ್ಲಿ ಹೆಣ್ಣುಮಗು ಹುಟ್ಟಿತು. ಕಿಟಕಿ ತೆರೆದಿತ್ತು. ಮಗುವಿನ ಅಳು ಓಣಿಯ ತುದಿಯ ತನಕ ಕೇಳಿತು. ಆ ಮನೆಯಿಂದ ಹೊರಗೆ ದನಿ ಬಂದದ್ದು ವರ್ಷಗಳ ಮೇಲೆ ಅಂದೇ ಮೊದಲು.

ಕಾಕಾ ಉಳಿದ. ಆದರೆ ಕುಣಿಯಿಂದ ಮೇಲೆ ಬಂದವನು ಇನ್ಯಾರೋ. ಮಾತು ತಡವಾಯಿತು, ಎಡಗೈ ಸಡಿಲಾಯಿತು. ತಿಂಗಳು ಕಳೆದ ಮೇಲೆ, ಅವನಿಗೆ ಸಮಾಧಾನವಾಗಲಿ ಎಂದು ಹಗೇವಿನ ಸಾಮಾನೆಲ್ಲ ತೆಗೆದು ಅಂಗಳದಲ್ಲಿ ಬಿಸಿಲಿಗೆ ಹರಡಿದೆವು. ಅವನು ಅವುಗಳ ನಡುವೆ ನಡೆದ. ನೆಟ್ಟಗೆ ನಡೆದ. ಒಂದು ಕಬ್ಬಿಣದ ತುಂಡನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ನಮ್ಮ ಮುಖ ನೋಡಿದ.

"ಇದು ಯಾರದು?"

ಅದು ಕಡಾಣಿ.

ಸಾಮಾನನ್ನು ಮೂರು ಗಾಡಿಯಲ್ಲಿ ಹೇರಿ ಹಳ್ಳದ ಆಚೆ ಹಾಕಿ ಬಂದರು. ಯಾರೂ ತಡೆಯಲಿಲ್ಲ. ಊರಿನವರು ನನ್ನನ್ನು ಕಂಡು, "ಶಾಣ್ಯಾ ಇದ್ದೀಯೋ ಸಿದ್ದಪ್ಪ, ಕಾಕಾನ ಹುಚ್ಚು ಬಿಡಸೀದಿ" ಎಂದರು. ನಾನು ಇಲ್ಲ ಎನ್ನಲಿಲ್ಲ. ಮರುವರ್ಷ ಹೈದರಾಬಾದಿಗೆ ಹೋದೆ. ನೀಲಾ ತಂದೆತಾಯಿಯನ್ನು ಉದಗೀರಕ್ಕೆ ಕರೆದುಕೊಂಡು ಹೋದಳು. ಮಾಡಿನ ತೊಲೆ ಮುಂದಿನ ಮಳೆಗಾಲದಲ್ಲಿ ಬಿತ್ತು.

ಹನ್ನೊಂದು ವರ್ಷ ನಾನು ಉದ್ಯೋಗದ ನೆವ ಹೇಳುತ್ತ ಉದಗೀರದ ಕಡೆ ಹೋಗಲಿಲ್ಲ. ಕೊನೆಗೊಮ್ಮೆ ಹೋದೆ. ಪೇಟೆಯಲ್ಲಿ ಪೇಢೆ ಕಟ್ಟಿಸಿಕೊಂಡಿದ್ದೆ, ಎಲೆಯಲ್ಲಿ ಸುತ್ತಿ ಮೇಲೆ ದಾರ ಬಿಗಿದ ಪೊಟ್ಟಣ. ನೀಲಾಳ ಮನೆ ವಿಶಾಲವಾಗಿತ್ತು. ಕಾಕಿ ಕುಂಟುತ್ತ ಬಾಗಿಲಿಗೆ ಬಂದಳು, ಭುಜ ಮುಂದಿಟ್ಟುಕೊಂಡೇ. ಕುಶಲ ಕೇಳಿದ ಮೇಲೆ ನಾನು, ಏಕೆ ಕೇಳಿದೆನೋ, ಅಂದು ಸಂಜೆ ಕಾಕಾನಿಗೆ ನಾನು ಇಳಿಯಬೇಡ ಎಂದು ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ. ಅಂದು ಆಕೆ ಒಳಕೋಣೆಯ ಬಾಗಿಲಲ್ಲೇ ನಿಂತಿದ್ದವಳು.

ಕಾಕಿ ಸೆರಗಿನ ಅಂಚು ನೋಡಿದಳು. "ನೀ ಹೇಳಿದ್ದಿಲ್ಲ ಯಪ್ಪಾ. ಒಂದೂ ಹೋಗಿಲ್ಲ, ಎಲ್ಲಾ ಹಗೇವಿನ್ಯಾಗ ಅದ ಅಂದಿ. ಅಂದು ಜರಾ ನಕ್ಕಿ. ಹೊರಗ ಹೋದಿ." ಆಮೇಲೆ, "ಹೋಗ್ಲಿ ಬಿಡು. ಚಾ ಕುಡಿ" ಎಂದಳು.

ಕಾಕಾ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ವಿಭೂತಿ ಮಾತ್ರ ಹಿಂದಿನಂತೆಯೇ. ಸುತ್ತ ಒಂದು ಕಡ್ಡಿ ಕೂಡ ಇರಲಿಲ್ಲ. ನನ್ನನ್ನು ಗುರುತಿಸಿದನೋ ಇಲ್ಲವೋ ತಿಳಿಯಲಿಲ್ಲ. ನಾನು ಪೊಟ್ಟಣವನ್ನು ಅವನ ಮುಂದಿಟ್ಟೆ. ಅವನು ದಾರವನ್ನು ಹರಿಯಲಿಲ್ಲ. ಬಲಗೈಯ ಬೆರಳುಗಳಿಂದ ಗಂಟನ್ನು ಹುಡುಕಿ, ಬಹಳ ಹೊತ್ತು ತೆಗೆದುಕೊಂಡು, ಬಿಚ್ಚಿದ. ಸಡಿಲಾದ ಎಡಗೈಯ ಎರಡು ಬೆರಳಿಗೆ ಅದನ್ನು ಸುತ್ತಿ ಸುತ್ತಿ ಸಣ್ಣ ಸುರುಳಿ ಮಾಡಿದ. ಇನ್ನು ಸೊಂಟಕ್ಕೆ ಸಿಕ್ಕಿಸುತ್ತಾನೆ ಎಂದುಕೊಂಡೆ. ಸಿಕ್ಕಿಸಲಿ ಎಂದು ನನ್ನ ಎದೆಯೆಲ್ಲ ಬೇಡಿಕೊಂಡಿತು.

ಅವನು ನನ್ನ ಕೈ ಎಳೆದು ಅಂಗೈಯಲ್ಲಿ ಅದನ್ನಿಟ್ಟು, ಬೆರಳು ಮಡಿಸಿದ. ಅವನ ಕೈ ನಡುಗಲಿಲ್ಲ.

"ತಗೊ ತಮ್ಮಾ. ಇವತ್ತಿಂದು ಇದು."

ಪೇಢೆಯನ್ನು ಅವನು ಮುಟ್ಟಲಿಲ್ಲ. ಆ ವರ್ಷದ ಕೊನೆಗೆ ಅವನು ಹೋದ ಎಂದು ನೀಲಾಳ ಕಾಗದ ಬಂತು.

ಆ ದಾರದ ಸುರುಳಿ ಐದನೆಯದು. ಮೊದಲಿನ ನಾಲ್ಕನ್ನು ಎಲ್ಲಿ ಒಗೆದೆ ಎಂದು ಹೇಳಬಲ್ಲೆ, ತಿಪ್ಪೆಯ ಯಾವ ಮೂಲೆ ಎಂದೂ ತೋರಿಸಬಲ್ಲೆ. ಐದನೆಯದನ್ನು ಏನು ಮಾಡಿದೆ ಎಂದು ಮಾತ್ರ ಎಷ್ಟು ಹುಡುಕಿದರೂ ನೆನಪಾಗುವುದಿಲ್ಲ.